ಪ್ಲೇಟ್‌ಲೆಟ್ ಕೌಂಟ್ ಸರಿಯಾಗಿದ್ದೂ ರಕ್ತ ನಿಲ್ಲೋದಿಲ್ಲ, ಯಾಕೆ?

[ದೃಶ್ಯ: ಮಂಡ್ಯದ ಕಬ್ಬಿನ ಗದ್ದೆ. ಗರಿ ತಾಗಿ ಕೊಯ್ದ ಬೆರಳು, ತೀರಾ ಹತ್ತಿರದಿಂದ]

ನಮಸ್ಕಾರ. ಕಬ್ಬಿನ ಗರಿ ಎಷ್ಟು ಹರಿತ ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಬೆರಳು ಕೊಯ್ಯಿತು, ರಕ್ತ ಬಂತು, ಒತ್ತಿ ಹಿಡಿದರೆ ನಿಂತಿತು. ನಿಲ್ಲಿಸಿದ್ದು ಪ್ಲೇಟ್‌ಲೆಟ್ ಅನ್ನೋ ರಕ್ತದ ಪುಟ್ಟ ಕಣಗಳು. ಡೆಂಗಿ ಬಂದಾಗಲೆಲ್ಲ 'ಕೌಂಟ್ ಎಷ್ಟು?' ಅಂತ ಕೇಳುತ್ತೇವೆ, ಅಲ್ವಾ? ಆದರೆ ಕೌಂಟ್ ಸರಿಯಾಗಿದ್ದೂ ರಕ್ತ ನಿಲ್ಲದ ಮಕ್ಕಳಿದ್ದಾರೆ.

[ಗ್ರಾಫಿಕ್ಸ್: ಪ್ಲೇಟ್‌ಲೆಟ್‌ನ ಮೈ]

ಜೀವಕೋಶದ ಮೈಮೇಲೆ ಅಂಟಿಕೊಳ್ಳುವುದಕ್ಕೆಂದೇ ಕೆಲವು ಪ್ರೋಟೀನ್‌ಗಳಿವೆ. ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಕ್ಯಾಡ್‌ಹೆರಿನ್. ಅದಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಇನ್ನೊಂದು ಕುಟುಂಬ ಇಂಟೆಗ್ರಿನ್, ನಮ್ಮಲ್ಲಿ 24 ಬಗೆ. ಅದರಲ್ಲಿ ಒಂದೇ ಬಗೆಯದು ಒಂದೊಂದು ಪ್ಲೇಟ್‌ಲೆಟ್ ಮೇಲೂ ಸುಮಾರು 80,000 ಇರುತ್ತದೆ! ಕೆಲಸವಿಲ್ಲದಾಗ ಮಂಡಿ ಮಡಚಿ ಕೂತಿರುತ್ತದೆ. ಗಾಯವಾದರೆ ನೆಟ್ಟಗೆ ಎದ್ದು ರಕ್ತದಲ್ಲಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹಿಡಿಯುತ್ತದೆ. ಅದರ ಇನ್ನೊಂದು ತುದಿಯನ್ನು ಪಕ್ಕದ ಪ್ಲೇಟ್‌ಲೆಟ್ ಹಿಡಿಯುತ್ತದೆ. ಗಾಯದ ಬಾಯಿ ಮುಚ್ಚುವುದು ಹೀಗೆ.

ಹುಟ್ಟಿನಿಂದಲೇ ಈ ಇಂಟೆಗ್ರಿನ್ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಗ್ಲ್ಯಾಂಜ್‌ಮನ್ ಕಾಯಿಲೆ. 1918ರಲ್ಲಿ ಸ್ವಿಸ್ ವೈದ್ಯರೊಬ್ಬರು ಗುರುತಿಸಿದ್ದು. ಮೂಗಲ್ಲಿ, ಒಸಡಲ್ಲಿ ಪದೇ ಪದೇ ರಕ್ತ. ಅಪ್ಪ, ಅಮ್ಮ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ರಕ್ತಸಂಬಂಧಿಗಳಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಕಡೆ ಇದನ್ನು ಸ್ವಲ್ಪ ಗಟ್ಟಿಯಾಗೇ ಹೇಳಬೇಕು.

[ಗ್ರಾಫಿಕ್ಸ್: ರಕ್ತನಾಳದೊಳಗೆ ಉರುಳುವ ಬಿಳಿ ರಕ್ತಕಣ]

ಬಿಳಿ ರಕ್ತಕಣಕ್ಕೆ ಸೋಂಕಿರುವ ಜಾಗದಲ್ಲಿ ಇಳಿಯಬೇಕು. ಮೊದಲು ಸೆಲೆಕ್ಟಿನ್ ಎಂಬ ಇನ್ನೊಂದು ಅಂಟುವ ಪ್ರೋಟೀನ್ ಅದನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಣ ನಾಳದ ಗೋಡೆ ಮೇಲೆ ಉರುಳುತ್ತಾ ನಿಧಾನವಾಗುತ್ತದೆ. ಪೂರ್ತಿ ನಿಲ್ಲಿಸುವುದು ಮತ್ತೆ ಇಂಟೆಗ್ರಿನ್, ಬೇರೆ ಬಗೆಯದು. ಅದಿಲ್ಲದ ಮಗುವಿಗೆ ಸೋಂಕಾದರೂ ಕೀವು ಕಟ್ಟುವುದಿಲ್ಲ. ಒಳ್ಳೆಯದೇ ಆಯ್ತಲ್ಲ ಅನ್ನಬೇಡಿ, ಕೀವು ಅಂದರೆ ಬಹುಪಾಲು ಹೋರಾಡಿ ಸತ್ತ ಬಿಳಿ ಕಣಗಳೇ. ಮೊದಲ ಸುಳಿವು ಸಿಗುವುದು ಹೊಕ್ಕುಳಬಳ್ಳಿಯಲ್ಲಿ. ಒಂದೆರಡು ವಾರದಲ್ಲಿ ಬೀಳಬೇಕಾದ್ದು ಮೂರು ವಾರ ಕಳೆದರೂ ಬೀಳುವುದಿಲ್ಲ. ಬಾಣಂತನ ಮಾಡುವ ಅಜ್ಜಿಯರೇ, ಹಾಗಿದ್ದರೆ ಅರಿಶಿನ ಹಚ್ಚುತ್ತಾ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

[ದೃಶ್ಯ: ಸ್ಟೆಂಟ್ ಹಾಕುವ ಅನಿಮೇಷನ್]

ಇನ್ನು ಅಂಟುವುದು ಜಾಸ್ತಿಯಾದರೆ? ಹೃದಯದ ನಾಳದಲ್ಲೇ ಹೆಪ್ಪು. ಸ್ಟೆಂಟ್ ಹಾಕುವಾಗ ಕೆಲವರಿಗೆ ಟಿರೋಫಿಬಾನ್ ಕೊಡುತ್ತಾರೆ. ಅದು ಪ್ಲೇಟ್‌ಲೆಟ್‌ನ ಅದೇ ಇಂಟೆಗ್ರಿನ್ ಮೇಲೆ ಕೂತು, ಕೆಲವು ಗಂಟೆ ಮಟ್ಟಿಗೆ ಗ್ಲ್ಯಾಂಜ್‌ಮನ್ ಕಾಯಿಲೆಯನ್ನೇ ತಂದಿಡುತ್ತದೆ ಅನ್ನಿ. ಈ ಔಷಧಿಗೆ ದಾರಿ ತೋರಿಸಿದ್ದು ಗರಗಸ ಮಂಡಲ ಹಾವಿನ ವಿಷ. ಕರ್ನಾಟಕದ ಒಣ ಬಯಲಲ್ಲೂ ಇದೆ ಆ ಹಾವು. ಕಚ್ಚಿಸಿಕೊಂಡರೆ ಮಾತ್ರ ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ, ನೇರ ಆಸ್ಪತ್ರೆಗೆ ಹೋಗಿ.