ಎಂಟನೆಯ ಆಲ್ಬಂವರೆಗೆ ಕಾಯುವವರು ಯಾರು?

ಕೇಳುಗರಿಗೆ ನಮಸ್ಕಾರ.

ರಾಕ್ ಸಂಗೀತದ ಕತೆ ಮುಗಿಯಿತು ಎಂಬ ಮಾತನ್ನು ನಮ್ಮ ಕೊಡಗಿನಲ್ಲಿ ಎರಡು ವಯಸ್ಸಿನವರು ಹೇಳುತ್ತಾರೆ. ಐವತ್ತು ದಾಟಿದವರು ಕಾಲೇಜು ದಿನಗಳ ಕ್ಯಾಸೆಟ್ಟುಗಳನ್ನು ನೆನೆದು, ನಿಟ್ಟುಸಿರು ಬಿಟ್ಟು ಹೇಳುತ್ತಾರೆ. ಇಪ್ಪತ್ತರ ಒಳಗಿನವರು, ಅದು ಅಪ್ಪಂದಿರ ಸಂಗೀತ ಎಂಬ ಧಾಟಿಯಲ್ಲಿ ಹೇಳುತ್ತಾರೆ. ಬೇರೆ ಯಾವ ವಿಷಯಕ್ಕೂ ಒಪ್ಪದ ಈ ಎರಡು ತಲೆಮಾರು ಕಾರಣ ಕೊಡುವಾಗ ಮಾತ್ರ ಒಂದಾಗಿಬಿಡುತ್ತವೆ: ಎಲ್ಲ ದುಡ್ಡಿನ ಆಟ, ಕಂಪನಿಗಳು ಸೇರಿ ಹಾಳು ಮಾಡಿದವು. ಈ ಹೊತ್ತು ಆ ದೂರನ್ನೇ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ರಾಕ್ ಸಂಗೀತವನ್ನು ಕೆಡಿಸಿತು ಎಂಬುದು ಅರ್ಧ ಮಾತು. ಅದನ್ನು ಸಾಕಿ ದೊಡ್ಡದು ಮಾಡಿದ್ದೂ ದುಡ್ಡೇ ಎಂಬುದು ಉಳಿದ ಅರ್ಧ. ಹಾಕಿದ ಬಂಡವಾಳ ತಿರುಗಿ ಬರಲು ಹಿಂದಿನವರು ವರ್ಷಗಟ್ಟಲೆ ಕಾಯುತ್ತಿದ್ದರು, ಈಗಿನವರು ವಾರಗಟ್ಟಲೆಯೂ ಕಾಯುವುದಿಲ್ಲ. ಪೆಟ್ಟು ಬಿದ್ದಿರುವುದು ಅಲ್ಲಿ.

ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿಯಿಂದಲೇ ಶುರು ಮಾಡೋಣ. ಮೆಂಫಿಸ್ ನಗರದ ಸನ್ ರೆಕಾರ್ಡ್ಸ್ ಎಂಬ ಪುಟ್ಟ ಸಂಸ್ಥೆ 1955ರ ನವೆಂಬರಿನಲ್ಲಿ ಆತನ ಕರಾರನ್ನು ಆರ್‌ಸಿಎ ಕಂಪನಿಗೆ ಮಾರಿತು. ಬೆಲೆ 35,000 ಡಾಲರ್. ಅಂದರೆ ರಾಕ್ ಸಂಗೀತ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅದರ ಮೈಮೇಲೆ ಬೆಲೆಚೀಟಿ ಇತ್ತು. ಹಾಡು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕೆಂಬ ನಿಯಮವನ್ನು ಯಾವ ಸಂಗೀತಶಾಸ್ತ್ರಜ್ಞನೂ ಮಾಡಲಿಲ್ಲ. ಅಂಗಡಿಯಲ್ಲಿ ಬಿಕರಿಯಾಗುತ್ತಿದ್ದ ಪುಟ್ಟ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಅಷ್ಟೇ ಹಿಡಿಸುತ್ತಿತ್ತು. 1960ರ ದಶಕದ ನಡುವೆ ಅಮೆರಿಕದ ಟಿ.ವಿ. ಧಾರಾವಾಹಿಯೊಂದಕ್ಕಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹುಡುಗರನ್ನು ಆಯ್ದು, ‘ಮಂಕೀಸ್’ ಎಂಬ ತಂಡವನ್ನೇ ಕಟ್ಟಿದರು. ಅಪ್ಪಟ ವ್ಯಾಪಾರ. ಆದರೂ ಅವರ ಹಾಡುಗಳು ಚೆನ್ನಾಗಿಯೇ ಇದ್ದವು, ನಾನಂತೂ ಈಗಲೂ ಕೇಳುತ್ತೇನೆ.

ಮಾರುಕಟ್ಟೆಯೇ ಇಲ್ಲದಿದ್ದರೆ ಸಂಗೀತ ಶುದ್ಧವಾಗಿ ಉಳಿಯುತ್ತಿತ್ತು ಎನ್ನುವವರು ಸೋವಿಯತ್ ರಷ್ಯಾದ ಕಡೆ ಒಮ್ಮೆ ನೋಡಬೇಕು. 1950ರ ದಶಕದಲ್ಲಿ ಅಲ್ಲಿ ರಾಕ್ ಅಂಡ್ ರೋಲ್ ತಟ್ಟೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹುಡುಗರು ಏನು ಮಾಡಿದರು ಗೊತ್ತೆ? ಆಸ್ಪತ್ರೆಗಳು ಎಸೆದ ಎಕ್ಸ್‌ರೇ ಹಾಳೆಗಳನ್ನು ತಂದು, ಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನ ಕೆಂಡದಿಂದ ತೂತು ಕೊರೆದು, ಮನೆಯಲ್ಲೇ ಜೋಡಿಸಿದ ಯಂತ್ರದಿಂದ ಅದರ ಮೇಲೆ ಹಾಡಿನ ಗೆರೆ ಕೊರೆದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು ಕಾಣುತ್ತಿತ್ತು. ಮುಳ್ಳಿಟ್ಟರೆ ಗರಗರ ಸದ್ದಿನ ನಡುವೆ ಹಾಡು ಕೇಳುತ್ತಿತ್ತು. ಕದ್ದುಮುಚ್ಚಿ ನಡೆದ ಈ ವ್ಯವಹಾರಕ್ಕೆ ಜೈಲು ಸೇರಿದವರಿದ್ದಾರೆ. ವ್ಯಾಪಾರಿ ಇಲ್ಲದ ಕಡೆ ಅಧಿಕಾರಿ ಬಂದು ಕೂರುತ್ತಾನೆ, ಅಷ್ಟೆ. ಅಷ್ಟು ದೂರವೂ ಹೋಗಬೇಕಾಗಿಲ್ಲ. ನಾನೀಗ ಮಾತಾಡುತ್ತಿರುವ ಇದೇ ಆಕಾಶವಾಣಿಯಲ್ಲಿ, ಬಿ.ವಿ. ಕೇಸ್ಕರ್ ಅವರು ಸಚಿವರಾಗಿದ್ದಾಗ, 1952ರಿಂದ ಕೆಲವು ವರ್ಷ ಸಿನಿಮಾ ಹಾಡುಗಳಿಗೆ ಬಾಗಿಲು ಮುಚ್ಚಿತ್ತು. ಜನರ ಅಭಿರುಚಿಯನ್ನು ತಿದ್ದುವುದು ಉದ್ದೇಶ. ಜನ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಕೇಳತೊಡಗಿದರು. ಕೊನೆಗೆ 1957ರಲ್ಲಿ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರುವಾಗಬೇಕಾಯಿತು. ಆಕಾಶವಾಣಿಯಲ್ಲೇ ಕುಳಿತು ಇದನ್ನು ಹೇಳುವ ಸಲುಗೆ ಸಿಕ್ಕಿದೆ, ಬಳಸಿಕೊಂಡೆ.

ಇನ್ನು ತಾಳ್ಮೆಯ ವಿಷಯ. ಪಿಂಕ್ ಫ್ಲಾಯ್ಡ್ ತಂಡವನ್ನು ಲೋಕವೆಲ್ಲ ಕೊಂಡಾಡುವಂತೆ ಮಾಡಿದ 1973ರ ಆಲ್ಬಂ ಅವರ ಎಂಟನೆಯದು. ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯಲ್ಲಿ ಅದು 1988ರೊಳಗೆ ಒಟ್ಟು 741 ವಾರ ಕಾಣಿಸಿಕೊಂಡಿತು. ಆದರೆ ಅದಕ್ಕೆ ಮೊದಲು ಏಳು ಆಲ್ಬಂ ಬಂದಿದ್ದವು. ಕೆಲವು ವಿಚಿತ್ರ, ಕೆಲವು ಬೇಸರ, ಕೆಲವು ಅದ್ಭುತ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1973ರಲ್ಲಿ ಎರಡು ಆಲ್ಬಂ ತಂದರು, ಎರಡೂ ಅಷ್ಟೇನೂ ಮಾರಾಟವಾಗಲಿಲ್ಲ. ಅವರ ಕಂಪನಿಯಲ್ಲಿ ಗೊಣಗಾಟ ಶುರುವಾಗಿತ್ತು. ಆದರೂ ಮೂರನೆಯದಕ್ಕೆ ಅವಕಾಶ ಸಿಕ್ಕಿತು, 1975ರಲ್ಲಿ ಅದು ಬಂದು ಅವರ ಹಣೆಬರಹವನ್ನೇ ಬದಲಿಸಿತು. ಐರ್ಲೆಂಡಿನ ಯು2 ತಂಡ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು 1987ರಲ್ಲಿ, ಐದನೆಯ ಆಲ್ಬಂ ಹೊತ್ತಿಗೆ. ಈ ಕಂಪನಿಯವರೇನೂ ಸಂತರಲ್ಲ. ಕಲಾವಿದರ ಹಕ್ಕಿನ ಹಣ ನುಂಗಿದ ಕತೆಗಳು ಬೇಕಾದಷ್ಟಿವೆ. ಆದರೆ ಬೀಜ ಹಾಕಿದ ಮರುದಿನವೇ ಕೊಯ್ಲಿಗೆ ಬುಟ್ಟಿ ಹಿಡಿದು ಬರುತ್ತಿರಲಿಲ್ಲ.

ಆ ರೂಢಿ ತಪ್ಪಿದ್ದು ಹಂತಹಂತವಾಗಿ. ಅದರಲ್ಲಿ ಒಂದು ಹಂತ ಬಾನುಲಿಗೇ ಸೇರಿದ್ದು. ಅಮೆರಿಕದಲ್ಲಿ ಇಡೀ ದೇಶಕ್ಕೆ ಸೇರಿ ಒಂದು ಕಂಪನಿ ಇಂತಿಷ್ಟೇ ರೇಡಿಯೊ ಕೇಂದ್ರಗಳನ್ನು ಹೊಂದಬಹುದು ಎಂಬ ಮಿತಿಯಿತ್ತು. 1996ರ ದೂರಸಂಪರ್ಕ ಕಾಯ್ದೆ ಆ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಯಲ್ಲಿ ಸುಮಾರು 1,200 ಕೇಂದ್ರಗಳಾದವು. ಊರಿನ ಉದ್ಘೋಷಕನೊಬ್ಬ ಪಕ್ಕದ ಬೀದಿಯ ತಂಡದ ಹಾಡನ್ನು ರಾತ್ರಿ ಹನ್ನೊಂದಕ್ಕೆ ಹಾಕಿ ನೋಡುವ ಅವಕಾಶ ಸೊರಗಿತು. ಯಾವ ಹಾಡು, ದಿನಕ್ಕೆ ಎಷ್ಟು ಸಲ ಎಂಬುದು ದೂರದ ಕಚೇರಿಯಲ್ಲಿ ತೀರ್ಮಾನವಾಗತೊಡಗಿತು.

ಆಮೇಲೆ 1999ರಲ್ಲಿ, ಅಂತರಜಾಲದಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, ಹಾಡು ಬಿಟ್ಟಿಯಾಯಿತು. ಕಂಪನಿಗಳ ಗಲ್ಲಾಪೆಟ್ಟಿಗೆ ಬರಿದಾಗುತ್ತಾ ಬಂದಾಗ ಅವು ಮೊದಲು ಕೈಬಿಟ್ಟದ್ದು ಇನ್ನೂ ಹೆಸರು ಮಾಡದ ತಂಡಗಳನ್ನು. ನಂತರ ಬಂದ ಸ್ಟ್ರೀಮಿಂಗ್ ಕಾಲದ, ಅಂದರೆ ಸ್ಪಾಟಿಫೈಯಂಥ ಸೇವೆಗಳಲ್ಲಿ ಅಂತರಜಾಲದಿಂದಲೇ ಹಾಡು ಕೇಳುವ ಕಾಲದ, ಲೆಕ್ಕ ಇನ್ನೂ ಬಿಗಿ. ಸ್ಪಾಟಿಫೈಯಲ್ಲಿ ಕೇಳುಗ 30 ಸೆಕೆಂಡು ನಿಂತರೆ ಮಾತ್ರ ಒಂದು ಕೇಳುವಿಕೆ ಎಂದು ಎಣಿಕೆಯಾಗುತ್ತದೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ಬಿಡಿಗಾಸೂ ಇಲ್ಲ. ಇನ್ನು ಮುನ್ನುಡಿ ನುಡಿಸುತ್ತಾ ಕೂರುವವರು ಯಾರು? 1986ರಿಂದ 2015ರವರೆಗೆ ಅಮೆರಿಕದಲ್ಲಿ ಮೊದಲ ಹತ್ತು ಸ್ಥಾನಕ್ಕೇರಿದ ಹಾಡುಗಳನ್ನು ಸಂಶೋಧಕರೊಬ್ಬರು ಅಳೆದು ನೋಡಿದ್ದಾರೆ. ಗಾಯನ ಶುರುವಾಗುವ ಮೊದಲಿನ ವಾದ್ಯಭಾಗ ಸರಾಸರಿ 20 ಸೆಕೆಂಡಿಗಿಂತ ಹೆಚ್ಚು ಇದ್ದದ್ದು ಸುಮಾರು 5 ಸೆಕೆಂಡಿಗೆ ಇಳಿದಿತ್ತು. ಪಿಂಕ್ ಫ್ಲಾಯ್ಡ್ ತಂಡದ 1975ರ ಆಲ್ಬಮ್ಮಿನ ಮೊದಲ ಹಾಡನ್ನು ಬಲ್ಲವರು ಇಲ್ಲಿ ನಗಬಹುದು. ಅದರಲ್ಲಿ ಮನುಷ್ಯನ ದನಿ ಕೇಳಿಸುವುದು ಎಂಟು ನಿಮಿಷ ದಾಟಿದ ಮೇಲೆ. ಮೊದಲು ಮಂಜಿನಂತೆ ಕೀಬೋರ್ಡ್, ಆಮೇಲೆ ಗಿಟಾರಿನಲ್ಲಿ ನಾಲ್ಕೇ ಸ್ವರ, ಮತ್ತೆ ಮೌನ, ಮತ್ತೆ ಅದೇ ನಾಲ್ಕು ಸ್ವರ. ಇಂದಿನ ಲೆಕ್ಕದಲ್ಲಿ ಆ ಹಾಡು ಶುರುವಾಗುವ ಮೊದಲೇ ಸೋತಿತು.

ಇದರ ಜೊತೆಗೆ ಸದ್ದಿನ ಪೈಪೋಟಿ. ಪಕ್ಕದ ಹಾಡಿಗಿಂತ ತಮ್ಮದು ಜೋರಾಗಿ ಕೇಳಬೇಕೆಂದು ಮೆಲುದನಿಯನ್ನೂ ಎತ್ತರಿಸಿ, ಇಡೀ ಹಾಡನ್ನು ಒಂದೇ ಮಟ್ಟಕ್ಕೆ ತಂದರು. ಮೆಟಾಲಿಕಾ ತಂಡದ 2008ರ ಆಲ್ಬಂ ಬಂದಾಗ ಅಭಿಮಾನಿಗಳೇ ಸಿಡಿದೆದ್ದರು. ಅದೇ ಹಾಡುಗಳು ಒಂದು ವಿಡಿಯೊ ಆಟದಲ್ಲಿ ಸಿ.ಡಿ.ಗಿಂತ ಹೆಚ್ಚು ಸ್ಪಷ್ಟವಾಗಿ ಕೇಳುತ್ತಿದ್ದವು ಎನ್ನುವುದು ಅವರ ತಕರಾರು, ಅದು ನಿಜವೂ ಆಗಿತ್ತು.

ನಮ್ಮ ತೋಟಗಳನ್ನು ಬಲ್ಲವರಿಗೆ ಇದೆಲ್ಲ ಹೊಸದೆನಿಸಲಾರದು. ಕಾಫಿಗೆ ನೆರಳಾಗಿ ಹಲಸು, ಅತ್ತಿ, ನಂದಿ, ಮತ್ತಿ ನಿಂತಿದ್ದ ಕಡೆ ಈಗ ಸಾಲುಸಾಲು ಸಿಲ್ವರ್ ಓಕ್. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಹೆಚ್ಚು ತಾಪತ್ರಯವಿಲ್ಲ. ನೆಟ್ಟವರನ್ನು ನಾನು ಬೈಯುವುದಿಲ್ಲ, ಸಾಲ ತೀರಿಸಬೇಕಾದವರಿಗೆ ಆ ಮರ ನೆರವಾಗಿದೆ. ತೋಟ ಹಸಿರಾಗಿಯೇ ಇದೆ. ಹಲಸಿನ ಹಣ್ಣಿಗೆ ಬರುತ್ತಿದ್ದ ಹಕ್ಕಿ ಮಾತ್ರ ಬರುವುದಿಲ್ಲ. ಸಂಗೀತ ಕಂಪನಿಗಳು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಹೊಸ ಸಸಿಯ ಗೊಡವೆಗೆ ಹೋಗುವುದಕ್ಕಿಂತ, ಈಗಾಗಲೇ ದೊಡ್ಡದಾಗಿರುವ ಮರವನ್ನು ಕೊಳ್ಳುವುದು ಸಲೀಸು ಎನ್ನುವವರೂ ಇದ್ದಾರೆ. 2021ರ ಕೊನೆಯಲ್ಲಿ ಸ್ಪ್ರಿಂಗ್‌ಸ್ಟೀನ್ ತಮ್ಮ ಜೀವಮಾನದ ಹಾಡುಗಳ ಹಕ್ಕನ್ನು ಸೋನಿಗೆ ಮಾರಿದಾಗ ಪತ್ರಿಕೆಗಳು ವರದಿ ಮಾಡಿದ ಮೊತ್ತ ಸುಮಾರು 50 ಕೋಟಿ ಡಾಲರ್. ಅಮೆರಿಕದಲ್ಲಿ ಈಗ ಜನ ಕೇಳುವ ಸಂಗೀತದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು, ಬಿಡುಗಡೆಯಾಗಿ ಹದಿನೆಂಟು ತಿಂಗಳು ದಾಟಿದ್ದು. 2017ರಲ್ಲಿ ಹಿಪ್‌ಹಾಪ್ ಮತ್ತು ಆರ್ ಅಂಡ್ ಬಿ ಸೇರಿ ಕೇಳುಗರ ಲೆಕ್ಕದಲ್ಲಿ ರಾಕ್ ಸಂಗೀತವನ್ನು ಹಿಂದಿಕ್ಕಿದವು. ಆ ಹುಡುಗರು ಚೆನ್ನಾಗಿ ಹಾಡಿದರು, ಗೆದ್ದರು. ಅದರಲ್ಲಿ ಅಳುವುದಕ್ಕೇನೂ ಇಲ್ಲ.

ಇದೆಲ್ಲ ಅಮೆರಿಕದ ಕತೆ, ನಮಗೇನು ಎನ್ನುವವರು ಒಂದು ಶನಿವಾರ ಸಂಜೆ ನಮ್ಮ ಯಾವುದಾದರೂ ಹೋಂಸ್ಟೇ ಅಂಗಳದಲ್ಲಿ ಕುಳಿತು ನೋಡಿ. ಬೆಂಗಳೂರಿನ ಅತಿಥಿಗಳು ಬೆಂಕಿಯ ಸುತ್ತ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡಿರುತ್ತಾರೆ. ಗಿಟಾರ್ ನುಡಿಸುವ ಹುಡುಗ ಗೋಣಿಕೊಪ್ಪದ ಕಡೆಯವನು. ಜೂನ್ ಬಂತೆಂದರೆ ಅವನ ಗಿಟಾರಿನ ತಂತಿಗೆ ತುಕ್ಕು, ಚೀಲಕ್ಕೆ ಬೂಷ್ಟು. ಮಳೆಗಾಲದ ತೇವಕ್ಕೆ ಮರ ಉಬ್ಬಿ, ಎಷ್ಟು ಬಿಗಿದರೂ ಒಂದು ತಂತಿ ಶ್ರುತಿಗೆ ನಿಲ್ಲುವುದಿಲ್ಲ. ಅವನು ತಾನೇ ಕಟ್ಟಿದ ಹಾಡೊಂದನ್ನು ಎತ್ತಿಕೊಳ್ಳುತ್ತಾನೆ, ಕನ್ನಡದ ಹಾಡು, ನಡುವೆ ಎರಡು ಸಾಲು ಕೊಡವ ತಕ್ಕ್, ಅಂದರೆ ಕೊಡವ ಭಾಷೆ. ಪಲ್ಲವಿ ಮುಗಿಯುವ ಮೊದಲೇ ಅತಿಥಿಯೊಬ್ಬರು ಸಿನಿಮಾ ಹಾಡಿನ ಹೆಸರು ಕೂಗುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಾಲೀಕರು ಕಣ್ಣಿನಲ್ಲೇ ಸನ್ನೆ ಮಾಡುತ್ತಾರೆ. ಹುಡುಗ ನಕ್ಕು, ಸಿನಿಮಾ ಹಾಡಿಗೆ ಹೊರಳುತ್ತಾನೆ. ಇಲ್ಲಿ ಯಾರನ್ನು ದೂರುವಿರಿ? ಅತಿಥಿಗಳು ದುಡ್ಡು ಕೊಟ್ಟಿದ್ದಾರೆ. ಮಾಲೀಕರಿಗೆ ಮುಂದಿನ ವಾರವೂ ಕೋಣೆ ತುಂಬಬೇಕು. ಹುಡುಗನಿಗೆ ಆ ರಾತ್ರಿಯ ಸಂಭಾವನೆ ಬೇಕು. ಎಲ್ಲರೂ ಒಳ್ಳೆಯವರೇ, ಹಾಡು ಮಾತ್ರ ಅರ್ಧಕ್ಕೆ ನಿಂತಿತು.

ಅದೇ ನಮ್ಮ ವಾಲಗದವರನ್ನು ನೋಡಿ. ಅವರನ್ನೂ ದುಡ್ಡು ಕೊಟ್ಟೇ ಕರೆಸುತ್ತೇವೆ. ಆದರೆ ಕೊಡವರ ಮದುವೆಯಲ್ಲಿ ವಾಲಗ ಶುರುವಾದರೆ, ಬೇರೆ ಧಾಟಿ ನುಡಿಸಿ ಎಂದು ಯಾರೂ ಕೂಗುವುದಿಲ್ಲ. ಮದುಮಗನ ಅಜ್ಜಿಯೂ ಕುಣಿಯುತ್ತಾರೆ, ಬೆಂಗಳೂರಿನಿಂದ ಬಂದ ಮೊಮ್ಮಕ್ಕಳೂ ಕುಣಿಯುತ್ತಾರೆ. ಊಟವಾದ ಮೇಲೆ ಡಿ.ಜೆ. ಬರಲಿ, ಅದರ ಪಾಡಿಗೆ ಅದು. ಮದುವೆಗಳ ಹಂಗಾಮಿನಲ್ಲಿ ವಾಲಗದವರು ಮಂಟಪದಿಂದ ಮಂಟಪಕ್ಕೆ ಓಡಾಡುತ್ತಾ ನುಡಿಸುವುದರಲ್ಲೇ ಕೈ ಪಳಗುತ್ತದೆ. ರಾಕ್ ತಂಡಗಳೂ ಹೀಗೆಯೇ ಪಳಗಿದ್ದು. ಬೀಟಲ್ಸ್ ಹುಡುಗರು ಹೆಸರು ಮಾಡುವ ಮೊದಲು, 1960ರಿಂದ 1962ರವರೆಗೆ, ಜರ್ಮನಿಯ ಹ್ಯಾಂಬರ್ಗ್ ಬಂದರಿನ ಕುಡುಕರ ಮುಂದೆ ರಾತ್ರಿಯಿಡೀ ಗಂಟೆಗಟ್ಟಲೆ ನುಡಿಸಿದರು. ಕೂಲಿ ಕಡಿಮೆ, ಕೋಣೆ ಕೊಳಕು. ಆದರೆ ನಾಳೆಯೂ ಅದೇ ವೇದಿಕೆ ಇರುತ್ತಿತ್ತು.

ಬೆಂಗಳೂರಿನಲ್ಲಿ ಅಂಥ ವೇದಿಕೆಗಳು ಒಂದಷ್ಟು ಕಾಲ ಇದ್ದದ್ದರಿಂದಲೇ ಅಲ್ಲಿ ಏನಾದರೂ ಚಿಗುರಿತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ರಘು ದೀಕ್ಷಿತ್ ಮಾಡಿದ ಕೆಲಸ. ಸಂತ ಶಿಶುನಾಳ ಶರೀಫರ ತತ್ವಪದವನ್ನು ಎಲೆಕ್ಟ್ರಿಕ್ ಗಿಟಾರಿನ ಜೊತೆ ಹಾಡಿದರೆ ಕೊಳ್ಳುವವರು ಯಾರು ಎಂದು ಕೇಳಿದ ಕಂಪನಿಗಳಿಗೆ ಕೊರತೆಯಿರಲಿಲ್ಲ. ಆ ಆಲ್ಬಂ 2008ರಲ್ಲಿ ಹೊರಬಂತು, ಅದನ್ನು ಹೊರತಂದವರು ವಿಶಾಲ್–ಶೇಖರ್ ಎಂಬ ಸಂಗೀತ ನಿರ್ದೇಶಕರ ಜೋಡಿ. ಅವರ ಮುಂದಿನ ಆಲ್ಬಮ್ಮಿನಲ್ಲಿ ಬಂದ ಶರೀಫರ ‘ಲೋಕದ ಕಾಳಜಿ’ ಇವತ್ತು ಮದುವೆ ಮನೆಯಲ್ಲೂ ಕೇಳುತ್ತದೆ. ಕೊಡಗಿಗೂ ಅಂಥ ಸರಕಿನ ಬಡತನವಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲೇ ‘ಪಟ್ಟೋಲೆ ಪಳಮೆ’ ಎಂಬ ಪುಸ್ತಕದಲ್ಲಿ ಕೊಡವರ ಜನಪದ ಹಾಡುಗಳನ್ನು ಕಟ್ಟಿಟ್ಟು ಹೋಗಿದ್ದಾರೆ. ನಾಲ್ವರು ಕೈಯಲ್ಲಿ ದುಡಿ ಹಿಡಿದು ‘ಬಾಳೋ ಬಾಳೋ’ ಎಂದು ಎತ್ತಿಕೊಂಡಾಗ ಕೇಳುವ ಆ ಒತ್ತು, ಆ ಮರುಕಳಿಕೆ, ಬೇಸ್ ಗಿಟಾರಿನವನಿಗೆ ಹೇಳಿ ಮಾಡಿಸಿದಂತಿದೆ. ಹಿರಿಯರಲ್ಲಿ ಕೆಲವರು ಇದನ್ನು ಕೇಳಿ ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ, ಮೊದಲು ಹುಡುಗರು ನುಡಿಸಿ ತೋರಿಸಲಿ.

ಎಲ್ಲಿ ನುಡಿಸುವುದು ಎಂಬುದೇ ತೊಡಕು. ವಿರಾಜಪೇಟೆಯಲ್ಲಾಗಲಿ ಸೋಮವಾರಪೇಟೆಯಲ್ಲಾಗಲಿ ಒಂದು ತಂಡ ವಾರವಾರವೂ ತನ್ನದೇ ಹಾಡು ನುಡಿಸಿ, ಸೋತು, ತಿದ್ದಿಕೊಂಡು, ಮುಂದಿನ ವಾರ ಮತ್ತೆ ಬರುವಂಥ ಜಾಗವನ್ನು ನಾನು ಕಂಡಿಲ್ಲ. ಕಾಲೇಜಿನ ವಾರ್ಷಿಕೋತ್ಸವ ವರ್ಷಕ್ಕೊಮ್ಮೆ, ಅಲ್ಲೂ ಬಹುಮಾನ ಸಿನಿಮಾ ಹಾಡಿಗೆ. ಆದ್ದರಿಂದ ದಸರಾ ಸಮಿತಿಗಳವರು, ಮಡಿಕೇರಿಯವರೂ ಗೋಣಿಕೊಪ್ಪದವರೂ, ಈ ಭಾಷಣ ಕೇಳುತ್ತಿದ್ದರೆ ಅವರಲ್ಲಿ ಒಂದು ಬಿನ್ನಹ. ರಾತ್ರಿಯ ರಸಮಂಜರಿಯನ್ನು ಯಾರೂ ಮುಟ್ಟುವುದು ಬೇಡ, ಅದಕ್ಕೆ ಬರುವ ಜನ ಬರಲಿ. ಆದರೆ ವೇದಿಕೆ, ಧ್ವನಿವರ್ಧಕ, ದೀಪ ಎಲ್ಲವನ್ನೂ ಮಧ್ಯಾಹ್ನದ ಹೊತ್ತಿಗೇ ಕಟ್ಟಿ ಮುಗಿಸಿರುತ್ತಾರೆ. ಸಂಜೆ ಐದರಿಂದ ಆರರವರೆಗಿನ ಒಂದು ಗಂಟೆಯನ್ನು ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಿ, ಸ್ವಂತ ಹಾಡು ಮಾತ್ರ ಎಂಬ ಷರತ್ತಿನ ಮೇಲೆ. ಚೆನ್ನಾಗಿ ನುಡಿಸಲಿಲ್ಲವೆಂದರೆ ಮರುವರ್ಷ ಅವರನ್ನೇ ಮತ್ತೆ ಕರೆಯಿರಿ. ಗಿಟಾರಿಗೆ ಹೊಸ ತಂತಿ ಕೊಳ್ಳುವಷ್ಟು ಹಣ ಕೊಟ್ಟರೆ ಸಾಕು.