ಆರ್‌ಎನ್‌ಎಯ ಒಂದಕ್ಷರ ತಿದ್ದುವ ಪ್ರೋಟೀನು

ಎಲ್ಲರಿಗೂ ನಮಸ್ಕಾರ.

ಡಿಎನ್‌ಎಯಿಂದ ಆರ್‌ಎನ್‌ಎ ನಕಲಾಗುತ್ತದೆ, ಅದನ್ನು ಓದಿ ಪ್ರೋಟೀನು ತಯಾರಾಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ನಡುವೆ ಇನ್ನೊಂದು ಕೆಲಸವೂ ಉಂಟು. ಆರ್‌ಎನ್‌ಎ ಅಂದರೆ ಎ, ಯು, ಜಿ, ಸಿ ಎಂಬ ನಾಲ್ಕು ಘಟಕಗಳ ಸರಣಿ, ಅವನ್ನೇ ಅಕ್ಷರ ಎನ್ನೋಣ. ನಕಲಾದ ಮೇಲೆ ಕೆಲವು ಅಕ್ಷರಗಳನ್ನು ಜೀವಕೋಶವೇ ತಿದ್ದುತ್ತದೆ. ಆ ತಿದ್ದುಪಡಿ ಮಾಡುವ ಅಡಾರ್ ಎಂಬ ಪ್ರೋಟೀನಿನ ಬಗ್ಗೆ ಇವತ್ತು ಮಾತಾಡೋಣ.

1987ರಲ್ಲಿ ಅಮೆರಿಕದ ಬ್ರೆಂಡಾ ಬಾಸ್ ಮತ್ತು ಹೆರಾಲ್ಡ್ ವೈನ್‌ಟ್ರಾಬ್ ಕಪ್ಪೆಯ ಮೊಟ್ಟೆಗಳಲ್ಲಿ ಒಂದು ವಿಚಿತ್ರ ಗಮನಿಸಿದರು. ಜೋಡಿ ಎಳೆಯ ಆರ್‌ಎನ್‌ಎಯನ್ನು ಏನೋ ಒಂದು ಬಿಚ್ಚಿಹಾಕುತ್ತಿತ್ತು. ಮರುವರ್ಷ ಕಾರಣ ಸಿಕ್ಕಿತು. ಅಲ್ಲಿದ್ದ ಅಡೆನೋಸಿನ್, ಅಂದರೆ ಎ ಅಕ್ಷರ, ಇನೋಸಿನ್ ಆಗಿ ಬದಲಾಗುತ್ತಿತ್ತು. ಇನೋಸಿನ್ ಎದುರಿನ ಯು ಜೊತೆ ಗಟ್ಟಿಯಾಗಿ ಕೂರುವುದಿಲ್ಲ. ಹಾಗಾಗಿ ಎಳೆಗಳು ಸಡಿಲವಾಗುತ್ತಿದ್ದವು.

ಹೀಗೆ ಬದಲಾಯಿಸುವುದೇ ಅಡಾರ್. ಅದರ ಬಗೆಗಳಲ್ಲಿ ನಮ್ಮ ಮಿದುಳಿನಲ್ಲಿ ಮುಖ್ಯವಾದದ್ದು ಅಡಾರ್-2. ಜೋಡಿ ಎಳೆಯನ್ನು ಹಿಡಿದುಕೊಳ್ಳಲು ಅದಕ್ಕೆ ಎರಡು ಭಾಗಗಳಿವೆ. ತುದಿಯಲ್ಲಿ ತಿದ್ದುವ ಭಾಗ. ಆದರೆ ತಿದ್ದಬೇಕಾದ ಎ ಸುರುಳಿಯ ಒಳಗಡೆ ಅವಿತಿರುತ್ತದೆ. ಅಲ್ಲಿಗೆ ತಲುಪುವುದು ಹೇಗೆ? ಅಡಾರ್ ಆ ಅಕ್ಷರವನ್ನೇ ಹೊರಗೆ ಹೊರಳಿಸಿ ತನ್ನ ಗುಳಿಯೊಳಗೆ ಎಳೆದುಕೊಳ್ಳುತ್ತದೆ. ಖಾಲಿಯಾದ ಜಾಗಕ್ಕೆ ತನ್ನದೇ 488ನೇ ಅಮೈನೋ ಆಮ್ಲವನ್ನು ತೂರಿಸಿ ಸುರುಳಿ ಕುಸಿಯದಂತೆ ನೋಡಿಕೊಳ್ಳುತ್ತದೆ. ಗುಳಿಯ ತಳದಲ್ಲಿ ಒಂದು ಸತುವಿನ ಅಯಾನು, ಅದಕ್ಕೆ ಅಂಟಿಕೊಂಡ ಒಂದು ನೀರಿನ ಅಣು. ಆ ನೀರು ಎ ಮೇಲೆ ದಾಳಿ ಮಾಡುತ್ತದೆ, ಅಮೋನಿಯಾ ಹೊರಬೀಳುತ್ತದೆ, ಇನೋಸಿನ್ ಉಳಿಯುತ್ತದೆ. ಆರ್‌ಎನ್‌ಎಯನ್ನು ಹಿಡಿದ ಸ್ಥಿತಿಯಲ್ಲೇ ಇದರ ರಚನೆ 2016ರಲ್ಲಿ ಕಣ್ಣಿಗೆ ಬಿತ್ತು. ನನಗಂತೂ ಅಷ್ಟು ಚೆಂದದ ಅಣುಚಿತ್ರ ಬೇರೆ ಇಲ್ಲ.

ಅದಕ್ಕೂ ಮೊದಲು, 2005ರಲ್ಲಿ, ತಿದ್ದುವ ಭಾಗದ ರಚನೆ ಬಿಡಿಸಿದಾಗ ಯಾರೂ ನಿರೀಕ್ಷಿಸದ ಒಂದು ಅಣು ಅದರ ಹೊಟ್ಟೆಯಲ್ಲಿ ಹುದುಗಿತ್ತು. ಅದು ಇನೋಸಿಟಾಲ್ ಹೆಕ್ಸಾಫಾಸ್ಫೇಟ್. ರಾಗಿ, ಬೇಳೆಕಾಳುಗಳಲ್ಲಿ ಫೈಟಿಕ್ ಆಮ್ಲ ಎಂದು ಕರೆಯುವುದು ಇದನ್ನೇ. ನಮ್ಮ ಜೀವಕೋಶಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಅದಿಲ್ಲದೆ ಅಡಾರ್-2 ಕೆಲಸ ಮಾಡುವುದಿಲ್ಲ.

ಈ ಒಂದಕ್ಷರಕ್ಕೆ ಇಷ್ಟೆಲ್ಲ ಯಾಕೆ? ನರಕೋಶದ ಹೊದಿಕೆಯಲ್ಲಿ ಸಂಕೇತ ಹಿಡಿದು ಅಯಾನುಗಳನ್ನು ಒಳಬಿಡುವ ಗ್ರಾಹಕವೊಂದಿದೆ, ಅದರ ಒಂದು ಭಾಗ ಗ್ಲುಎ2. ಗ್ಲುಎ2ದ ಆರ್‌ಎನ್‌ಎಯಲ್ಲಿ ಸಿಎಜಿ ಎಂದಿರುವ ಕಡೆ ನಡುವಿನ ಎ ಇನೋಸಿನ್ ಆದರೆ, ಪ್ರೋಟೀನು ಕಟ್ಟುವ ರೈಬೋಸೋಮು ಅದನ್ನು ಜಿ ಎಂದು ಓದುತ್ತದೆ. ಗ್ಲುಟಮೈನ್ ಎಂಬ ಅಮೈನೋ ಆಮ್ಲ ಬರಬೇಕಾದಲ್ಲಿ ಅರ್ಜಿನೈನ್ ಬರುತ್ತದೆ. ಅದರ ಧನ ಆವೇಶ ಕ್ಯಾಲ್ಸಿಯಂ ಒಳಗೆ ನುಗ್ಗದಂತೆ ತಡೆಯುತ್ತದೆ. ಈ ಎ ಎದುರು ಜೋಡಿ ಎಳೆಯಾಗಿ ಕೂರುವುದು ಆಮೇಲೆ ಕತ್ತರಿಸಿ ಎಸೆಯುವ ಇಂಟ್ರಾನ್ ಭಾಗ. ಹಾಗಾಗಿ ಕತ್ತರಿ ಬೀಳುವ ಮೊದಲೇ ತಿದ್ದಿ ಮುಗಿಸಬೇಕು.

ಅಡಾರ್-2 ಇಲ್ಲದ ಇಲಿಮರಿಗಳು ಅಪಸ್ಮಾರದಿಂದ ಕೆಲವೇ ವಾರಗಳಲ್ಲಿ ಸತ್ತವು. ಅಂಥ ಇಲಿಗಳ ಗ್ಲುಎ2 ಜೀನಿನಲ್ಲೇ ಆ ಒಂದು ಅಕ್ಷರ ತಿದ್ದಿಟ್ಟಾಗ ಬದುಕಿದವು. 2000ನೇ ಇಸವಿಯ ಈ ಪ್ರಯೋಗ ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಗಟ್ಟಿ ಸಾಕ್ಷ್ಯ. ಅಡಾರ್-2 ಎಷ್ಟೋ ಕಡೆ ತಿದ್ದುತ್ತದೆ. ಆದರೂ ಆ ಇಲಿಗಳ ಪ್ರಾಣ ನಿಂತಿದ್ದು ಆ ಒಂದು ಜಾಗದ ಮೇಲೆ.

ಇದೇ ಸಾಮರ್ಥ್ಯವನ್ನು ಔಷಧಿಯಾಗಿಯೂ ಪ್ರಯೋಗಿಸಿ ನೋಡುತ್ತಿದ್ದಾರೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಎಂಬ ಆನುವಂಶಿಕ ಕಾಯಿಲೆಯಲ್ಲಿ ಸಾಮಾನ್ಯವಾಗಿ ಜಿ ಇರಬೇಕಾದ ಕಡೆ ಎ ಇರುತ್ತದೆ. ಆ ಜಾಗಕ್ಕೆ ಹೊಂದುವ ಒಂದು ಚಿಕ್ಕ ಎಳೆಯನ್ನು ಇಂಜೆಕ್ಷನ್ ಕೊಡುತ್ತಾರೆ. ಜೋಡಿ ಎಳೆ ಆಗುತ್ತಿದ್ದಂತೆ ರೋಗಿಯ ಸ್ವಂತ ಅಡಾರ್ ಬಂದು ತಿದ್ದುತ್ತದೆ. ಮನುಷ್ಯರಲ್ಲಿ ಹೀಗೆ ತಿದ್ದಿದ ಮೊದಲ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಡಿಎನ್‌ಎ ಮುಟ್ಟದ ಕಾರಣ ಔಷಧಿ ನಿಲ್ಲಿಸಿದರೆ ಪರಿಣಾಮವೂ ನಿಧಾನವಾಗಿ ಕಳೆಯುತ್ತದೆ.

ಪ್ರಶ್ನೆಗಳಿದ್ದರೆ ಕೇಳಿ.