ಹಳೇ ಎಂಜಿಬಿಯ ಸ್ಟೀರಿಂಗ್ ಲೂಸ್ ಆಗಿದ್ಯಾ? ರ್ಯಾಕ್ ಬಿಚ್ಚುವ ಮೊದಲು ಇದನ್ನು ನೋಡಿ

[ದೃಶ್ಯ: ಸ್ಟೀರಿಂಗ್ ವೀಲ್ ಹತ್ತಿರದಿಂದ. ಒಂದು ಕೈ ಅದನ್ನು ಮೆಲ್ಲಗೆ ಆಚೀಚೆ ಆಡಿಸುತ್ತಿದೆ. ಪಕ್ಕದಲ್ಲೇ ಮುಂದಿನ ಚಕ್ರದ ದೃಶ್ಯ.]

ನೋಡಿ, ಸ್ಟೀರಿಂಗ್ ಎರಡು ಬೆರಳಷ್ಟು ತಿರುಗಿತು. ಚಕ್ರ ಮಾತ್ರ ಕದಲಲಿಲ್ಲ. ರಸ್ತೆಯಲ್ಲಿ ಸ್ವಲ್ಪ ಸ್ಪೀಡ್ ಹಿಡಿದರೆ ಈ ಕಾರು ನೆಟ್ಟಗೆ ಹೋಗುವುದಿಲ್ಲ. ಎಡಕ್ಕೆ ಎಳೆಯುತ್ತದೆ, ನಾವು ಬಲಕ್ಕೆ ತಿರುಗಿಸುತ್ತೇವೆ. ಅಷ್ಟರಲ್ಲಿ ಅದು ಬಲಕ್ಕೆ ಹೋಗಿರುತ್ತದೆ. ಅರ್ಧ ಗಂಟೆ ಓಡಿಸಿದರೆ ಭುಜ ನೋಯುತ್ತದೆ.

ನಮಸ್ಕಾರ. ಇದು ಎಂಜಿಬಿ ರೋಡ್‌ಸ್ಟರ್, ಮೇಲ್ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಮಾಡೆಲ್. ಎಂಜಿಬಿಯ ಎಲ್ಲ ಬಗೆ ಸೇರಿ 5 ಲಕ್ಷಕ್ಕೂ ಜಾಸ್ತಿ ಕಾರು ಹೊರಬಂದಿವೆ, ಅದರಲ್ಲಿ ಬಹಳಷ್ಟು ಅಮೆರಿಕಕ್ಕೆ ಹೋದವು. ಪವರ್ ಸ್ಟೀರಿಂಗ್ ಇಲ್ಲ. ರ್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್, ಅಂದರೆ ಸ್ಟೀರಿಂಗ್ ಜೊತೆ ತಿರುಗುವ ಸಣ್ಣ ಗೇರ್ (ಪಿನಿಯನ್) ಹಲ್ಲಿರುವ ಸರಳನ್ನು (ರ್ಯಾಕ್) ಆಚೀಚೆ ತಳ್ಳುತ್ತದೆ. ಈ ತುದಿಯಿಂದ ಆ ತುದಿಗೆ ಸುಮಾರು ಮೂರು ಸುತ್ತು. ಸರಿಯಾಗಿದ್ದರೆ ರಸ್ತೆಯ ಸಣ್ಣ ಕಲ್ಲು ಕೂಡ ಕೈಗೆ ತಿಳಿಯುತ್ತದೆ. ಈ ಕಾರನ್ನು ಜನ ಇಷ್ಟಪಡುವುದೇ ಅದಕ್ಕೆ. ಹಾಗಾಗಿ ಲೂಸ್ ಸ್ಟೀರಿಂಗ್ ಇಟ್ಟುಕೊಂಡು "ಹಳೇ ಕಾರು, ಹೀಗೇ ಇರುತ್ತೆ" ಅಂತ ಸುಮ್ಮನಿರುವುದನ್ನು ನಾನಂತೂ ಒಪ್ಪುವುದಿಲ್ಲ. ಹೊಸದಾಗಿದ್ದಾಗ ಅದು ಹೀಗಿರಲಿಲ್ಲ.

ಸ್ಟೀರಿಂಗ್ ಲೂಸ್ ಅಂದ ಕೂಡಲೇ ಎಲ್ಲರೂ ಬೈಯುವುದು ರ್ಯಾಕನ್ನು. ಹೊಸ ರ್ಯಾಕ್ ತರಿಸುತ್ತಾರೆ, ಹಾಕಿಸುತ್ತಾರೆ, ಪ್ಲೇ, ಅಂದರೆ ಆ ಸಡಿಲ ಅಲುಗಾಟ, ಹಾಗೇ ಉಳಿಯುತ್ತದೆ. ಯಾಕೆ ಗೊತ್ತಾ? ರ್ಯಾಕ್ ಮುಚ್ಚಿದ ಕೊಳವೆಯೊಳಗೆ ಎಣ್ಣೆಯಲ್ಲಿ ಕೂತಿರುತ್ತದೆ. ಸುಲಭಕ್ಕೆ ಸವೆಯುವುದಿಲ್ಲ. ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್ ಇದೆಯಲ್ಲ, ಕಿಂಗ್‌ಪಿನ್, ಅದು ಇರುವುದು ಚಕ್ರದ ಹಿಂದೆ, ನೀರು ಧೂಳಿನ ಮಧ್ಯೆ. ನಾವು ಹೊಡೆಯುವ ಗ್ರೀಸ್ ಬಿಟ್ಟರೆ ಅದಕ್ಕೆ ಬೇರೆ ಗತಿ ಇಲ್ಲ. ಐವತ್ತು ವರ್ಷದಲ್ಲಿ ಗ್ರೀಸ್ ಗನ್ ಮುಟ್ಟದ ಮಾಲೀಕರು ಒಬ್ಬರಾದರೂ ಬಂದು ಹೋಗಿರುತ್ತಾರೆ, ಅಲ್ವಾ? ಅದಕ್ಕೇ ನನ್ನ ಮೊದಲ ಅನುಮಾನ ಕಿಂಗ್‌ಪಿನ್ ಮೇಲೆ. ಆದರೆ ಅನುಮಾನ ನಂಬಿ ಪಾರ್ಟ್ಸ್ ತರಿಸುವುದು ಬೇಡ. ಮೊದಲು ಹುಡುಕೋಣ.

[ದೃಶ್ಯ: ಟೈರ್‌ಗೆ ಗಾಳಿ ನೋಡುತ್ತಿರುವುದು.]

ಟೈರ್ ಗಾಳಿ ನೋಡಿ. ಟೈರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಟೈರ್ ಸರಿಯಿಲ್ಲದೆ ಮುಂದಿನ ಪರೀಕ್ಷೆಗಳಿಗೆ ಅರ್ಥವಿಲ್ಲ.

[ದೃಶ್ಯ: ಬಾನೆಟ್ ತೆರೆದಿದೆ. ಸ್ಟೀರಿಂಗ್ ಕಾಲಂನ ಕೆಳತುದಿಯ ಮೇಲೆ ಟಾರ್ಚ್ ಬೆಳಕು.]

ಈಗ ಕಾರು ನೆಲದ ಮೇಲೇ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಆಚೀಚೆ ಆಡಿಸಲಿ. ನಿಮ್ಮ ಕೈ ಎರಡು ಶಾಫ್ಟ್ ಸೇರಿಸುವ ಈ ಯೂನಿವರ್ಸಲ್ ಜಾಯಿಂಟ್ ಮೇಲೆ ಇರಲಿ. ಮೇಲಿನ ಶಾಫ್ಟ್ ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ಜಾಯಿಂಟ್ ಹೋಗಿದೆ, ಇಲ್ಲವೇ ಅದರ ಬೋಲ್ಟ್ ಸಡಿಲವಾಗಿದೆ. ಬೋಲ್ಟ್ ಸಡಿಲವಾಗಿದ್ದರೆ ಕಾರನ್ನು ಹಾಗೇ ಓಡಿಸಲೇಬೇಡಿ. ಆಮೇಲೆ ರ್ಯಾಕ್‌ನ ಮೈ ಮೇಲೆ ಕೈ ಇಡಿ. ಇಡೀ ರ್ಯಾಕ್ ಅಲ್ಲಾಡುತ್ತಿದ್ದರೆ ಅದನ್ನು ಹಿಡಿದಿರುವ ಬೋಲ್ಟ್ ಬಿಗಿ ಮಾಡಬೇಕು. ಅಲ್ಲಿಂದ ಪಕ್ಕಕ್ಕೆ ಬನ್ನಿ. ರಬ್ಬರ್ ಬೂಟನ್ನು ಅಮುಕಿ ಹಿಡಿದರೆ ಒಳಗಿನ ಬಾಲ್ ಜಾಯಿಂಟ್ "ಟಕ್" ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಕೊನೆಗೆ ಟೈರಾಡ್ ಎಂಡ್, ರ್ಯಾಕ್‌ನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಕೀಲು. ಇದು ಕಡಿಮೆ ಬೆಲೆಯ ಪಾರ್ಟು, ಸ್ವಲ್ಪ ಅನುಮಾನ ಬಂದರೂ ಬದಲಾಯಿಸಿಬಿಡಿ.

[ದೃಶ್ಯ: ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಕೊಡುತ್ತಿರುವುದು.]

ಈಗ ಮುಖ್ಯ ಪರೀಕ್ಷೆ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಹಾಕಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ. ಗಡಿಯಾರದಲ್ಲಿ 12 ಮತ್ತು 6 ಇರುವ ಜಾಗ. ಒಳಕ್ಕೆ ಹೊರಕ್ಕೆ ಆಡಿಸಿ.

[ದೃಶ್ಯ: ಚಕ್ರ ಅಲ್ಲಾಡುತ್ತಿದೆ. "ಟಕ್, ಟಕ್" ಸದ್ದು.]

ಕೇಳಿಸ್ತಾ? ಇದು ವೀಲ್ ಬೇರಿಂಗ್ ಇರಬಹುದು, ಕಿಂಗ್‌ಪಿನ್ ಇರಬಹುದು. ತಮ್ಮಾ, ಬ್ರೇಕ್ ಒತ್ತಿ ಹಿಡಿ.

[ಕಾರಿನೊಳಗಿಂದ: "ಒತ್ತಿದೀನಿ ಅಣ್ಣ."]

ಬ್ರೇಕ್ ಹಿಡಿದಾಗ ಡಿಸ್ಕ್ ಮತ್ತು ಹಬ್ ಅಲ್ಲಾಡದಂತೆ ನಿಲ್ಲುತ್ತವೆ, ಅಂದರೆ ಬೇರಿಂಗ್‌ನ ಪ್ಲೇ ಲೆಕ್ಕಕ್ಕಿಲ್ಲ. ಈಗ ಮತ್ತೆ ಆಡಿಸುತ್ತೇನೆ. ನೋಡಿ, ಇನ್ನೂ ಅಲ್ಲಾಡುತ್ತಿದೆ. ಹಾಗಾದರೆ ಇದು ಕಿಂಗ್‌ಪಿನ್ ಕಡೆಯದು. ಬ್ರೇಕ್ ಒತ್ತಿದಾಗ ಪ್ಲೇ ನಿಂತುಹೋಗಿದ್ದರೆ ಬೇರಿಂಗ್ ಅಂತ ಲೆಕ್ಕ.

[ದೃಶ್ಯ: ಚಕ್ರ ಬಿಚ್ಚಿದೆ. ಕಿಂಗ್‌ಪಿನ್ ಹತ್ತಿರದಿಂದ. ಒಣಗಿದ ಕಪ್ಪು ಗ್ರೀಸ್, ತುಕ್ಕು.]

ಊರಲ್ಲಿ ಲಾರಿ ಕೆಲಸ ಮಾಡುವ ಯಾವ ಮೆಕ್ಯಾನಿಕ್‌ಗೂ ಕಿಂಗ್‌ಪಿನ್ ಹೊಸದಲ್ಲ. ನೆಟ್ಟಗೆ ನಿಂತ ಉಕ್ಕಿನ ಪಿನ್. ಅದರ ಸುತ್ತ ಚಕ್ರದ ಭಾಗ ತಿರುಗುತ್ತದೆ. ಮಧ್ಯೆ ಮೇಲೊಂದು, ಕೆಳಗೊಂದು ಬುಷ್, ಅಂದರೆ ಪಿನ್ ಸುತ್ತ ಕೂರುವ ಲೋಹದ ಬಳೆ. ಎಂಜಿಬಿಯಲ್ಲಿ ಒಂದೊಂದು ಬದಿಗೆ ಮೂರು ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ಗನ್ ಸಿಕ್ಕಿಸುವ ಬಾಯಿ, ಇವೆ. ಸುಮಾರು 5,000 ಕಿ.ಮೀ.ಗೊಮ್ಮೆ ಇವಕ್ಕೆ ಗ್ರೀಸ್ ಬೇಕು. ಚಕ್ರ ನೆಲದಿಂದ ಮೇಲಿದ್ದಾಗಲೇ ಹೊಡೆಯಿರಿ. ಕಾರಿನ ಭಾರ ಮೇಲಿದ್ದರೆ ಗ್ರೀಸ್ ಒತ್ತಿಕೊಂಡಿರುವ ಜಾಗಕ್ಕೆ ಇಳಿಯುವುದಿಲ್ಲ. ಗನ್ ಒತ್ತುತ್ತಾ ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ.

[ದೃಶ್ಯ: ಕಪ್ಪು ಗ್ರೀಸ್ ಅಂಚಿನಿಂದ ಹೊರಬರುತ್ತಿದೆ. ಸ್ವಲ್ಪ ಹೊತ್ತಿಗೆ ಹೊಸ ಗ್ರೀಸ್ ಬಣ್ಣ.]

ಮೊದಲು ಕಪ್ಪು ಬರುತ್ತದೆ, ತುಕ್ಕಿನ ಪುಡಿಯೂ ಇರುತ್ತದೆ. ಹೊಸ ಗ್ರೀಸ್ ಕಾಣುವವರೆಗೆ ನಿಲ್ಲಿಸಬೇಡಿ. ಒಂದು ನಿಪ್ಪಲ್‌ಗೆ ಗ್ರೀಸ್ ಹೋಗುತ್ತಲೇ ಇಲ್ಲ ಅಂದರೆ ಅದನ್ನು ಬಿಚ್ಚಿ ಹೊಸದು ಹಾಕಿ. "ಎರಡಕ್ಕೆ ಹೋಯಿತಲ್ಲ, ಸಾಕು" ಅಂತ ಬಿಡುವವರಿಂದಲೇ ಬುಷ್ ಹಾಳಾಗುವುದು.

ಗ್ರೀಸ್ ಹೊಡೆದ ಮೇಲೆ ಮತ್ತೆ ಅದೇ ಪರೀಕ್ಷೆ ಮಾಡಿ. ಪ್ಲೇ ಕಡಿಮೆಯಾದರೆ ಸಂತೋಷ. ಆಗದಿದ್ದರೆ ಬುಷ್ ಬದಲಾಯಿಸಲೇಬೇಕು. ಹೊಸ ಬುಷ್ ಒತ್ತಿ ಕೂರಿಸಿದರೆ ಮುಗಿಯಲಿಲ್ಲ. ಮೇಲಿನದು ಕೆಳಗಿನದು ಎರಡನ್ನೂ ಒಂದೇ ನೇರಕ್ಕೆ, ಪಿನ್ ಅಳತೆಗೆ ರೀಮರ್ ಹೊಡೆಯಬೇಕು, ಅಂದರೆ ಬುಷ್‌ನ ರಂಧ್ರವನ್ನು ನುಣ್ಣಗೆ ಕೊರೆಯಬೇಕು. ರೀಮರ್ ಇಲ್ಲದವರು ಮನೆಯಲ್ಲಿ ಇದಕ್ಕೆ ಕೈ ಹಾಕಬೇಡಿ. ರಿಪೇರಿ ಮಾಡಿ ಸಿದ್ಧವಾದ ಸೆಟ್ ಸಿಗುತ್ತದೆ, ಹಳೆಯದು ಕೊಟ್ಟು ತರಬಹುದು. ಎರಡೂ ಬದಿ ಒಟ್ಟಿಗೆ ಮಾಡಿಸಿ.

[ದೃಶ್ಯ: ಮೇಜಿನ ಮೇಲೆ ಹಬ್, ಎರಡು ಬೇರಿಂಗ್, ಸಣ್ಣ ಟ್ಯೂಬ್, ತೆಳು ಶಿಮ್‌ಗಳು.]

ಬೇರಿಂಗ್ ವಿಷಯಕ್ಕೆ ಬರೋಣ, ಇಲ್ಲಿ ಬಹಳ ಜನ ಎಡವುತ್ತಾರೆ. ಬೇರೆ ಕಾರುಗಳಲ್ಲಿ ನಟ್ ಬಿಗಿ ಮಾಡಿ, ಸ್ವಲ್ಪ ಸಡಿಲಿಸಿ, ಪಿನ್ ಹಾಕಿದರೆ ಆಯಿತು. ಎಂಜಿಬಿಯಲ್ಲಿ ಎರಡು ಬೇರಿಂಗ್ ಮಧ್ಯೆ ಈ ಟ್ಯೂಬ್ ಇದೆ, ಜೊತೆಗೆ ಈ ಶಿಮ್‌ಗಳು, ಅಂದರೆ ತೆಳು ಲೋಹದ ಬಿಲ್ಲೆಗಳು. ನಟ್ಟನ್ನು ಟಾರ್ಕ್ ರೆಂಚ್‌ನಿಂದ 54ರಿಂದ 95 ನ್ಯೂಟನ್ ಮೀಟರ್‌ವರೆಗೆ ಬಿಗಿ ಮಾಡಬೇಕು. ಅಷ್ಟು ಬಿಗಿದ ಮೇಲೂ ಹಬ್‌ಗೆ 0.05ರಿಂದ 0.1 ಮಿ.ಮೀ. ಪ್ಲೇ ಉಳಿಯಬೇಕು. ಜಾಸ್ತಿ ಇದ್ದರೆ ಶಿಮ್ ತೆಗೆಯಿರಿ, ಕಡಿಮೆ ಇದ್ದರೆ ಸೇರಿಸಿ. ಡಯಲ್ ಗೇಜ್ ಇಟ್ಟು ಅಳೆಯಿರಿ, ಕೈ ಅಂದಾಜು ನಡೆಯುವುದಿಲ್ಲ. ಅರ್ಥವಾಗದೆ ಟ್ಯೂಬ್ ಮತ್ತು ಶಿಮ್ ತೆಗೆದು ಬಿಸಾಕಿದ ಕಾರುಗಳೂ ಸಿಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಟ್ಯೂಬ್ ಸ್ಟಬ್ ಆಕ್ಸಲ್‌ಗೆ, ಅಂದರೆ ಹಬ್ ಕೂರುವ ಗಿಡ್ಡ ಆಕ್ಸಲ್‌ಗೆ, ಬಲ ಕೊಡುತ್ತದೆ. ಅದಿಲ್ಲದಿದ್ದರೆ ತಿರುವಿನಲ್ಲಿ ಆಕ್ಸಲ್ ಜಾಸ್ತಿ ಬಾಗುತ್ತದೆ.

ನಿಮ್ಮದು ತಂತಿ ಚಕ್ರವಾದರೆ ಇನ್ನೊಂದು. ಚಕ್ರ ಕೂರುವ ಹಬ್‌ನ ಹಲ್ಲುಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ತುದಿ ಚೂಪಾಗಿದ್ದರೆ ಸವೆದಿವೆ. ಬ್ರೇಕ್ ಹಾಕಿದಾಗ ಒಂದು "ಟಣ್", ಆಕ್ಸಿಲರೇಟರ್ ಕೊಟ್ಟಾಗ ಇನ್ನೊಂದು "ಟಣ್" ಬರುವುದು ಇದರಿಂದಲೇ.

[ದೃಶ್ಯ: ರ್ಯಾಕ್. ಹರಿದ ರಬ್ಬರ್ ಬೂಟಿನಿಂದ ಎಣ್ಣೆ ತೊಟ್ಟಿಕ್ಕುತ್ತಿದೆ.]

ಇಷ್ಟೆಲ್ಲ ಸರಿಯಿದ್ದೂ ಪ್ಲೇ ಇದ್ದರೆ ಮಾತ್ರ ರ್ಯಾಕ್. ಬೂಟ್ ಹರಿದಿದ್ದರೆ ಎಣ್ಣೆ ಸೋರಿ ಹೋಗಿರುತ್ತದೆ. ಹೊಸ ಬೂಟ್ ಹಾಕಿ, ಇಪಿ 90 ಗೇರ್ ಆಯಿಲ್ ತುಂಬಿ. ಗ್ರೀಸ್ ತುಂಬಬೇಡಿ, ಅದು ಒಂದು ಕಡೆ ಹೋಗಿ ಕೂತರೆ ಹಲ್ಲಿಗೆ ವಾಪಸ್ ಬರುವುದಿಲ್ಲ. ಇನ್ನು ಕೆಲವರು ರ್ಯಾಕನ್ನು ಪಿನಿಯನ್‌ಗೆ ಒತ್ತಿ ಹಿಡಿಯುವ ಡ್ಯಾಂಪರ್‌ನ ಶಿಮ್ ತೆಗೆದು ಬಿಗಿ ಮಾಡುತ್ತಾರೆ. ಸ್ಟೀರಿಂಗ್ ನೆಟ್ಟಗಿರುವಾಗ ಪ್ಲೇ ಹೋದಂತೆ ಕಾಣುತ್ತದೆ, ನಿಜ. ಆದರೆ ಕಾರು ಹೆಚ್ಚು ಹೊತ್ತು ನೆಟ್ಟಗೇ ಓಡುವುದರಿಂದ ರ್ಯಾಕ್ ಸವೆಯುವುದು ಮಧ್ಯದಲ್ಲಿ. ತುದಿಯ ಹಲ್ಲುಗಳು ಹೊಸದರಂತೆಯೇ ಇರುತ್ತವೆ. ಮಧ್ಯದ ಲೆಕ್ಕಕ್ಕೆ ಬಿಗಿ ಮಾಡಿದರೆ ಪೂರ್ತಿ ತಿರುಗಿಸಿದಾಗ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ, ಬಿಟ್ಟರೆ ತಾನಾಗಿ ವಾಪಸ್ ಬರುವುದಿಲ್ಲ. ಲೂಸ್ ಸ್ಟೀರಿಂಗ್‌ಗಿಂತ ಅದು ಅಪಾಯ. ಹಾಗೆ ಹಿಡಿದುಕೊಳ್ಳುವ ರ್ಯಾಕನ್ನು ಬದಲಾಯಿಸಿಬಿಡಿ.

[ದೃಶ್ಯ: ಅಲೈನ್‌ಮೆಂಟ್ ಅಳೆಯುತ್ತಿರುವುದು.]

ಯಾವ ಪಾರ್ಟ್ ಬದಲಾಯಿಸಿದರೂ ಕೊನೆಗೆ ಅಲೈನ್‌ಮೆಂಟ್ ಮಾಡಿಸಿ. ಮುಂದಿನ ಚಕ್ರಗಳು ಮುಂದುಗಡೆ 1.5ರಿಂದ 2.3 ಮಿ.ಮೀ. ಒಳಕ್ಕಿರಬೇಕು. ಎರಡೂ ಬದಿಯ ಟೈರಾಡ್ ಸಮ ಸಮ ತಿರುಗಿಸಿ, ಲಾಕ್ ನಟ್ ಬಿಗಿ ಮಾಡಿ.

ಈ ಕಾರಿನ ಎಡಗಡೆ ಬುಷ್ ಗ್ರೀಸ್‌ನಿಂದ ಸರಿಹೋಯಿತು, ಬಲಗಡೆಯದು ಹೋಗಿದೆ. ಮುಂದಿನ ವಿಡಿಯೋದಲ್ಲಿ ಎರಡೂ ಬದಿ ಬಿಚ್ಚಿ ಬುಷ್ ಬದಲಾಯಿಸುವುದನ್ನು, ರೀಮರ್ ಹೊಡೆಯುವುದನ್ನು ಪೂರ್ತಿ ತೋರಿಸುತ್ತೇನೆ. ನಿಮ್ಮ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಪ್ಲೇ ನಿಂತಿತಾ, ಇಲ್ವಾ, ಕೆಳಗೆ ಬರೆಯಿರಿ. ಯಾವ ಕಾರು, ಯಾವ ವರ್ಷದ್ದು ಅಂತಲೂ ಹೇಳಿ.